ಹದಿನೇಳರ ಹುಡುಗ, ಏಳು ವರ್ಷದ ಗೆರೆ



ಮಾಗಡಿಯಲ್ಲಿ ಸಂಜೆ ಹೊತ್ತು ಹದಿನೇಳು ವರ್ಷದ ಹುಡುಗನೊಬ್ಬ ಹೆಂಗಸಿನ ಕೊರಳಿನ ಸರ ಕಿತ್ತುಕೊಂಡು ಓಡಿದನೆಂದು ಇಟ್ಟುಕೊಳ್ಳಿ. ಅದೇ ಸಂಜೆ ಕನಕಪುರದಲ್ಲಿ ಅವನದೇ ವಯಸ್ಸಿನ ಇನ್ನೊಬ್ಬ ಚಾಕು ಹಿಡಿದು ಹೆದರಿಸಿ ಅಷ್ಟೇ ತೂಕದ ಸರ ದೋಚಿದನೆನ್ನೋಣ. ಮೊದಲನೆಯವನದು ಕಾನೂನಿನ ಲೆಕ್ಕದಲ್ಲಿ 'ಸಣ್ಣ ಅಪರಾಧ'. ಎರಡನೆಯವನದು 'ಘೋರ ಅಪರಾಧ'. ಅವನನ್ನು ದೊಡ್ಡವರಂತೆಯೇ ವಿಚಾರಣೆಗೆ ಗುರಿಪಡಿಸುವ ಸಾಧ್ಯತೆಯೂ ಇದೆ. ಇದೇಕೆ ಹೀಗೆ?

ಉತ್ತರ ಇರುವುದು 'ಕನಿಷ್ಠ ಶಿಕ್ಷೆ' ಎಂಬ ಎರಡು ಪದಗಳಲ್ಲಿ. ಕೆಲವು ಅಪರಾಧಗಳಿಗೆ ಶಾಸನವು 'ಇಷ್ಟು ವರ್ಷಕ್ಕೆ ಮೀರದಂತೆ' ಎನ್ನುತ್ತದೆ. ಎಷ್ಟು ಕೊಡಬೇಕೆಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು. ಇನ್ನು ಕೆಲವಕ್ಕೆ 'ಇಷ್ಟು ವರ್ಷಕ್ಕೆ ಕಡಿಮೆಯಿಲ್ಲದಂತೆ' ಎನ್ನುತ್ತದೆ. ಅಲ್ಲಿ ನ್ಯಾಯಾಧೀಶರ ಕೈ ಕಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸರಗಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ; ಮಾರಕ ಆಯುಧ ಬಳಸಿದ ದರೋಡೆಗೆ ಏಳು ವರ್ಷಕ್ಕೆ ಕಡಿಮೆಯಿಲ್ಲ. 2015ರ ಬಾಲ ನ್ಯಾಯ ಕಾಯ್ದೆ ಗೆರೆ ಎಳೆದಿರುವುದು ಈ ಏಳರ ಮೇಲೆಯೇ.

ಈ ಗೆರೆಯ ಹಿಂದೊಂದು ಕಥೆಯಿದೆ. 1986ರ ಕಾಯ್ದೆಯಲ್ಲಿ ಗಂಡುಮಕ್ಕಳಿಗೆ ಹದಿನಾರು, ಹೆಣ್ಣುಮಕ್ಕಳಿಗೆ ಹದಿನೆಂಟು ಎಂದು ವಯಸ್ಸಿನ ಮಿತಿಯಿತ್ತು. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. 2012ರ ಡಿಸೆಂಬರಿನ ದೆಹಲಿ ಪ್ರಕರಣದ ನಂತರ ಎದ್ದ ಆಕ್ರೋಶದಲ್ಲಿ ಈಗಿನ ಕಾಯ್ದೆ ಬಂತು. ಹದಿನಾರು ತುಂಬಿದವರು ಘೋರ ಅಪರಾಧದ ಆರೋಪಕ್ಕೆ ಒಳಗಾದರೆ, ಬಾಲ ನ್ಯಾಯ ಮಂಡಳಿ ಮೂರು ತಿಂಗಳೊಳಗೆ 'ಪ್ರಾಥಮಿಕ ಮೌಲ್ಯಮಾಪನ' ನಡೆಸಬೇಕು. ಹುಡುಗನಿಗೆ ಆ ಕೃತ್ಯದ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ, ಯಾವ ಸನ್ನಿವೇಶದಲ್ಲಿ ಹಾಗೆ ಮಾಡಿದ ಎಂದು ನೋಡಿ, ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಮಂಡಳಿಯಲ್ಲೇ ಉಳಿದರೆ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ಅಲ್ಲಿಗೆ ಹೋಗಿ ವಯಸ್ಕನಂತೆ ವಿಚಾರಣೆಯಾದರೆ ಆ ಮೂರು ವರ್ಷದ ಮಿತಿಯಿಲ್ಲ. ಮರಣದಂಡನೆಯಾಗಲಿ, ಬಿಡುಗಡೆಯೇ ಇಲ್ಲದ ಜೀವಾವಧಿಯಾಗಲಿ ಮಾತ್ರ ವಿಧಿಸುವಂತಿಲ್ಲ.

ಗರಿಷ್ಠ ಶಿಕ್ಷೆ ಏಳಕ್ಕಿಂತ ಹೆಚ್ಚಿದ್ದು, ಕನಿಷ್ಠವೇ ಹೇಳಿರದಿದ್ದರೆ? ದೆಹಲಿಯಲ್ಲಿ 2016ರಲ್ಲಿ ಬಾಲಕನೊಬ್ಬ ಕಾರು ಓಡಿಸಿ ಒಬ್ಬರ ಸಾವಿಗೆ ಕಾರಣನಾದ ಪ್ರಕರಣದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಜನವರಿಯಲ್ಲಿ ಬಂದ ತೀರ್ಪು: ಏಳು ವರ್ಷದ ಕನಿಷ್ಠ ಶಿಕ್ಷೆ ಇಲ್ಲವಾದರೆ ಅದು 'ಗಂಭೀರ', 'ಘೋರ' ಅಲ್ಲ. 2021ರ ತಿದ್ದುಪಡಿ ಅದನ್ನೇ ಶಾಸನಕ್ಕೆ ಸೇರಿಸಿತು. ಹೀಗಾಗಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾತ್ರಿ ಹೊತ್ತು ನಡೆಯುವ ಸುಲಿಗೆಗೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆಯಿದ್ದರೂ, ಆಯುಧ ಬಳಸಿರದಿದ್ದರೆ, ಅದು ಗಂಭೀರವಷ್ಟೇ. ವಿಚಿತ್ರವೆನಿಸಬಹುದು. ದೊಡ್ಡವರ ಶಿಕ್ಷೆಗೆಂದು ಬರೆದ ಅಂಕಿಯಿಂದ ಹುಡುಗನ ಮನಸ್ಸನ್ನು ಅಳೆಯಲು ಹೊರಟರೆ ಇಂಥ ವಿಚಿತ್ರಗಳು ತಪ್ಪುವುದಿಲ್ಲ.

ಹೆಚ್ಚು ನೋವಿನ ಪ್ರಸಂಗ ಇನ್ನೊಂದು. ಹದಿನೇಳರ ಹುಡುಗ, ಹದಿನಾರೂವರೆಯ ಹುಡುಗಿ ಪರಸ್ಪರ ಇಷ್ಟಪಟ್ಟು ಮನೆ ಬಿಟ್ಟು ಹೋಗುತ್ತಾರೆ. ಹುಡುಗಿಯ ಮನೆಯವರು ದೂರು ಕೊಡುತ್ತಾರೆ. ದೈಹಿಕ ಸಂಬಂಧವಾಗಿದ್ದರೆ ಪೋಕ್ಸೋ ಕಾಯ್ದೆಯಡಿ 2019ರಿಂದ ಕನಿಷ್ಠ ಶಿಕ್ಷೆ ಹತ್ತು ವರ್ಷ. ಹುಡುಗಿಗೆ ಹದಿನಾರು ತುಂಬಿರದಿದ್ದರೆ ಇಪ್ಪತ್ತು. ಆಕೆಯ ಒಪ್ಪಿಗೆಗೆ ಬೆಲೆಯಿಲ್ಲ. ಬಲಾತ್ಕಾರ ಮಾಡಿದವನೂ ಈ ಹುಡುಗನೂ ಒಂದೇ ತಕ್ಕಡಿಯಲ್ಲಿ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಇಂಥದೇ ಒಂದು ಪ್ರಕರಣ ನೋಡಿ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕೆಂದಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕೆಂದೂ ಹೇಳಿತು. 2023ರಲ್ಲಿ ಆಯೋಗ ವಯಸ್ಸು ಇಳಿಸಬಾರದೆಂದರೂ, ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ವಿವೇಚನೆ ನ್ಯಾಯಾಲಯಕ್ಕಿರಲಿ ಎಂದು ಶಿಫಾರಸು ಮಾಡಿತು. ನನಗೆ ತೋರುವಂತೆ ಇದು ಸರಿಯಾದ ದಾರಿ. ಹೆಣ್ಣುಮಕ್ಕಳ ರಕ್ಷಣೆ ಸಡಿಲವಾಗುವುದಿಲ್ಲ, ನ್ಯಾಯಾಧೀಶರ ಕಣ್ಣಿಗೆ ಕಟ್ಟಿದ ಬಟ್ಟೆಯೂ ಸ್ವಲ್ಪ ಸಡಿಲವಾಗುತ್ತದೆ.

ಇದೆಲ್ಲಕ್ಕೂ ಮೊದಲು ಏಳುವ ಪ್ರಶ್ನೆ ವಯಸ್ಸಿನದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ಈ ಸೀಮೆಯಲ್ಲಿ ಅದು ಸುಲಭದ ಪ್ರಶ್ನೆಯಲ್ಲ. ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ, ಹುರಿ ಮಾಡುವ ಯಂತ್ರಗಳ ಮುಂದೆ ಓದು ಬಿಟ್ಟು ದುಡಿದ ಮಕ್ಕಳ ಸಂಗತಿ ಒಂದು ಕಾಲಕ್ಕೆ ದೇಶದಾಚೆಗೂ ವರದಿಯಾಗಿತ್ತು. ಅಂಥವರ ಬಳಿ ಕಾಗದ ಎಲ್ಲಿಂದ ಬರಬೇಕು? ಕಾಯ್ದೆ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪತ್ರ. ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಆ ಪರೀಕ್ಷೆ ವಯಸ್ಸನ್ನು ಅಂದಾಜು ಮಾಡೀತೇ ಹೊರತು ದಿನಾಂಕ ಹೇಳಲಾರದು. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಅಂದು ಯಾರೂ ಲೆಕ್ಕಿಸದ ಆ ದಿನಾಂಕವೇ ಮುಂದೆ ಹುಡುಗನೊಬ್ಬ ಮಂಡಳಿಯ ಮುಂದೆ ನಿಲ್ಲುತ್ತಾನೋ ಕಟಕಟೆಯಲ್ಲಿ ನಿಲ್ಲುತ್ತಾನೋ ಎಂಬುದನ್ನು ತೀರ್ಮಾನಿಸುತ್ತದೆ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ಆಗ ಹದಿನೆಂಟು ತುಂಬಿರಲಿಲ್ಲವೆಂಬ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ, ತೀರ್ಪಾದ ಮೇಲೂ, ಎತ್ತಬಹುದು.

ನಿಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಇಂಥ ಸಂಕಟ ಬಂದರೆ ಕೆಲವನ್ನು ನೆನಪಿಡಿ. ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹೆಸರು, ಭಾವಚಿತ್ರ ಪ್ರಕಟಿಸುವಂತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಕ್ಕಳಿಗೆ ವಕೀಲರ ನೆರವು ಉಚಿತ. ಪರಿವೀಕ್ಷಣಾಧಿಕಾರಿ ಹದಿನೈದು ದಿನದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕಾಗುತ್ತದೆ. ಅವರು ವಿಚಾರಿಸಲು ಬಂದಾಗ ಮನೆಯ ಮಾನ ಹೋದೀತೆಂದು ಸಂಗತಿ ಮುಚ್ಚಿಡುವವರೇ ಹೆಚ್ಚು. ಹುಡುಗ ಯಾವ ತರಗತಿಗೆ ಶಾಲೆ ಬಿಟ್ಟ, ಯಾರ ಬಳಿ ಕೆಲಸಕ್ಕಿದ್ದ, ಸಾಲವೆಷ್ಟಿತ್ತು, ಯಾರ ಸಹವಾಸಕ್ಕೆ ಬಿದ್ದ ಎಂಬುದನ್ನು ಇದ್ದಂತೆಯೇ ಹೇಳಿ; ಮಂಡಳಿಯ ಮುಂದೆ ಅವನ ಬದುಕಿನ ಕಥೆ ತಲುಪುವುದು ಆ ವರದಿಯ ಮೂಲಕವೇ.