ಹಾಜರಿ ಪುಸ್ತಕವೂ ಆಟದ ಬಯಲೂ

‘ಡ್ರಿಲ್ ಪೀರಿಯಡ್ಡು’ ಎಂಬ ಮಾತು ಕಿವಿಗೆ ಬಿದ್ದೊಡನೆ ಪ್ರೌಢಶಾಲೆಯಲ್ಲಿ ಓದಿದ ಯಾರಿಗಾದರೂ ಎರಡು ಚಿತ್ರಗಳಲ್ಲೊಂದು ಕಣ್ಣಮುಂದೆ ಬಂದು ನಿಲ್ಲುತ್ತದೆ. ಗಂಟೆ ಬಾರಿಸುವುದಕ್ಕೆ ಮೊದಲೇ ಚಪ್ಪಲಿ ಕಳಚಿಟ್ಟು ಬಯಲಿಗೆ ಓಡುವ ಹುಡುಗರ ಚಿತ್ರ ಒಂದು. ಹೊಟ್ಟೆನೋವೆಂದು ಹೇಳಿ ಕೊನೆಯ ಬೆಂಚಿನಲ್ಲಿ ಉಳಿದುಕೊಂಡ ಹುಡುಗನ ಚಿತ್ರ ಇನ್ನೊಂದು. ನಾನು ಎರಡನೆಯ ಚಿತ್ರಕ್ಕೆ ಸೇರಿದವನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ನಮ್ಮ ಡ್ರಿಲ್ ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಬಡ ಹುಡುಗರಿಗೆ ತಮ್ಮ ಕೈಯಿಂದ ಹಣ ಹಾಕಿ ಚಡ್ಡಿ ಬನಿಯನ್ ಕೊಡಿಸಿದ ಉದಾರಿಗಳು ಅವರು. ಆದರೆ ಅವರದೊಂದು ನಿಯಮವಿತ್ತು. ಬಯಲನ್ನು ಎಲ್ಲರೂ ಎರಡು ಸುತ್ತು ಓಡಬೇಕು. ಕಟ್ಟಕಡೆಗೆ ಬಂದ ಮೂವರು, ಉಳಿದವರೆಲ್ಲ ಕುಳಿತು ನೋಡುತ್ತಿರಲು, ಮೂರನೆಯ ಸುತ್ತನ್ನೂ ಓಡಬೇಕು. ನಿಧಾನವಾಗಿ ಓಡುವವನಿಗೆ ಹೆಚ್ಚು ಅಭ್ಯಾಸ ಬೇಕೆಂಬ ಅವರ ತರ್ಕದಲ್ಲಿ ದೋಷವೇನೂ ಕಾಣುವುದಿಲ್ಲ. ಪರಿಣಾಮ ಮಾತ್ರ ಬೇರೆಯಾಯಿತು. ನಾನು ಓಡುವುದನ್ನು ಕಲಿಯಲಿಲ್ಲ, ಹೊಟ್ಟೆನೋವನ್ನು ಕಲಿತೆ. ಅದು ವಾರಕ್ಕೆರಡು ಬಾರಿ, ವೇಳಾಪಟ್ಟಿಗೆ ಸರಿಯಾಗಿ ಬರುತ್ತಿತ್ತು.

ಈಗ ವಿಧಿಯ ವಿನೋದವನ್ನು ನೋಡಿರಿ. ಕನ್ನಡದಲ್ಲಿ ಎಂ.ಎ. ಮಾಡಿ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದ ನನ್ನ ಕೊರಳಿಗೆ ಕೆಲವು ವರ್ಷಗಳ ಹಿಂದೆ ‘ಆಂತರಿಕ ಗುಣಮಟ್ಟ ಭರವಸೆ ಕೋಶ’ದ ಸಂಚಾಲಕ ಪದವಿ ಬಂದು ಬಿದ್ದಿತು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವುದಕ್ಕೆಂದು 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯನ್ನು ಹೊಂದಿರುವ ‘ನ್ಯಾಕ್’ ಸಂಸ್ಥೆಯ ಹೆಸರನ್ನು ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಕೇಳಿಯೇ ಇರುತ್ತೀರಿ. ಆ ಸಂಸ್ಥೆಗೆ ಕಾಲೇಜಿನ ಲೆಕ್ಕವನ್ನು ಒಪ್ಪಿಸುವುದು ಈ ಕೋಶದ ಕೆಲಸ. “ಕನ್ನಡದವರು ನೀವು, ನಿಮಗೆ ಬರೆಯುವುದಕ್ಕೆ ಬರುತ್ತದೆ” ಎಂಬುದಷ್ಟೇ ನನ್ನ ನೇಮಕಕ್ಕೆ ಪ್ರಾಂಶುಪಾಲರು ಕೊಟ್ಟ ಕಾರಣ. ಗುಣಮಟ್ಟದ ವಿಷಯದಲ್ಲಿ ಆಗ ನನಗಿದ್ದ ಜ್ಞಾನವೆಲ್ಲ ಪದದ ವ್ಯುತ್ಪತ್ತಿಗೆ ಸಂಬಂಧಿಸಿದ್ದು. ‘ಗುಣ’ ಸಂಸ್ಕೃತದ್ದು, ಕಾಯಿಲೆ ವಾಸಿಯಾದರೂ ನಾವು ‘ಗುಣವಾಯಿತು’ ಎನ್ನುತ್ತೇವೆ. ‘ಮಟ್ಟ’ವಾದರೋ ಗಾರೆಯವನ ಕೈಯಲ್ಲಿರುವ ರಸಮಟ್ಟದ ಮಟ್ಟ. ಗುಣಪಡಿಸುವುದು ಬೇರೆ, ಮಟ್ಟ ಹಿಡಿದು ನೋಡುವುದು ಬೇರೆ ಎಂಬುದು ಪದದಲ್ಲಿಯೇ ಇತ್ತು. ನನಗದು ತಿಳಿಯಲು ಒಂದು ವರ್ಷ ಬೇಕಾಯಿತು.

ತುಂಬಬೇಕಾದ ಹಾಳೆಗಳಲ್ಲಿ, ಕ್ರೀಡೆಯಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳ ಸಂಖ್ಯೆಯನ್ನು ಬರೆಯುವ ಅಂಕಣವೂ ಒಂದಿತ್ತು. ನಮ್ಮ ಸಂಖ್ಯೆ ಸಣ್ಣದು. ಬೆಳಗ್ಗೆ ತರಗತಿಗಳಿಗೆ ಮುಂಚೆ ಖೊ ಖೊ ಆಡುವ ಹತ್ತು ಹನ್ನೆರಡು ಹುಡುಗಿಯರು, ವಾಲಿಬಾಲಿನ ಹುಡುಗರ ಒಂದು ಗುಂಪು, ತಮ್ಮಷ್ಟಕ್ಕೆ ತಾವು ಓಡುವ ಮೂವರು ನಾಲ್ವರು. ಇಷ್ಟೇ ನಮ್ಮ ಆಸ್ತಿ. ಸಂಖ್ಯೆಯನ್ನು ಹಿಗ್ಗಿಸಲು ನಾನೊಂದು ಯೋಜನೆಯನ್ನು ಹೂಡಿದೆ. ಬಯಲಿಗೆ ಒಂದು ಹಾಜರಿ ಪುಸ್ತಕ. ಒಂದು ಅವಧಿಯಲ್ಲಿ ನೂರಕ್ಕೆ ಎಂಬತ್ತು ದಿನ ಬಂದವರಿಗೆ ಪ್ರಶಸ್ತಿಪತ್ರ. ಓಟದ ವೇಳೆಯನ್ನು ಅಳೆದು ಸೂಚನಾ ಫಲಕದಲ್ಲಿ ಕ್ರಮವಾಗಿ ಪ್ರಕಟಣೆ. ಗೋಡೆಯ ಮೇಲೆ ‘ಆರೋಗ್ಯವೇ ಭಾಗ್ಯ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಯಿಸಿದವನೂ ನಾನೇ.

ಮೊದಲ ತಿಂಗಳು ಬಯಲು ತುಂಬಿ ತುಳುಕಿತು. ಪ್ರಾಂಶುಪಾಲರು ಮಹಡಿಯ ಕಿಟಕಿಯಿಂದ ನೋಡಿ ಸಂತೋಷಪಟ್ಟರು. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಮಾತ್ರ, “ಮೇಷ್ಟ್ರೇ, ಇವರು ಆಡೋಕ್ಕೆ ಬಂದಿಲ್ಲ, ಹೆಸರು ಕೂಗಿಸ್ಕೊಳ್ಳೋಕ್ಕೆ ಬಂದಿದಾರೆ” ಎಂದರು. ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಅವಧಿಯ ಕೊನೆಗೆ ಪ್ರಶಸ್ತಿಪತ್ರಗಳನ್ನು ಹಂಚಿದೆವು. ಮುಂದಿನ ಅವಧಿಯ ಮೊದಲ ವಾರ ಬಯಲು ಬರಿದಾಗಿತ್ತು. ಹೊಸಬರು ಹೋದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೊದಲಿನಿಂದಲೂ ಯಾರ ಒತ್ತಾಯವೂ ಇಲ್ಲದೆ ಬರುತ್ತಿದ್ದವರಲ್ಲಿಯೂ ಅರ್ಧಕ್ಕರ್ಧ ಮಂದಿ ಕಾಣಿಸಲಿಲ್ಲ. ದಿನವೂ ಒಬ್ಬಳೇ ಓಡುತ್ತಿದ್ದ ಒಬ್ಬ ಹಳ್ಳಿಯ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. “ನನ್ನ ಹೆಸರು ಬೋರ್ಡಿನಲ್ಲಿ ಇಪ್ಪತ್ತೊಂದನೆಯದು, ಸರ್” ಎಂದಳು. ಅಷ್ಟು ಹೇಳಿ ತರಗತಿಗೆ ಹೊರಟುಹೋದಳು.

ಆ ಇಪ್ಪತ್ತೊಂದನೆಯ ಹೆಸರು ನನ್ನನ್ನು ಮಲಗಗೊಡಲಿಲ್ಲವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಬಹಳ ದಿನ ಕಾಡಿತು. ನಾನು ಮಾಡಿದ್ದು ಮೂರನೆಯ ಸುತ್ತಿನ ಇನ್ನೊಂದು ರೂಪವಲ್ಲದೆ ಬೇರೇನು? ಗುಣಮಟ್ಟದ ವಿಷಯವಾಗಿ ತಿಳಿದವರು ಏನು ಹೇಳಿದ್ದಾರೆಂದು ಆಮೇಲೆ ಓದತೊಡಗಿದೆ. ಮೊದಲೇ ಓದಬೇಕಾಗಿತ್ತೆನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಆ ಓದಿನಲ್ಲಿ ಮೊದಲು ಎದುರಾದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್. 1900ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ಮಹನೀಯರ ಮಾತನ್ನು ಅವರ ದೇಶದವರು ಬಹುಕಾಲ ಕೇಳಲಿಲ್ಲ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನು ಕೇಳಿತು. ಅಲ್ಲಿನ ವಿಜ್ಞಾನಿಗಳ ಮತ್ತು ಇಂಜಿನಿಯರುಗಳ ಸಂಘ 1950ರಲ್ಲಿ ಅವರನ್ನು ಕರೆಸಿ ಉಪನ್ಯಾಸಗಳನ್ನು ಕೊಡಿಸಿತು. ಮರುವರ್ಷವೇ ಅವರ ಹೆಸರಿನಲ್ಲಿ ಬಹುಮಾನವೊಂದನ್ನು ಸ್ಥಾಪಿಸಿತು. (ಬಹುಮಾನಗಳನ್ನು ಅಷ್ಟಾಗಿ ನಂಬದವರ ಹೆಸರಿನಲ್ಲಿ ಬಹುಮಾನ! ಲೋಕದ ರೀತಿಯೇ ಹಾಗೆ.) 1998ರಲ್ಲಿ ಅದು ನಮ್ಮ ದೇಶದ ಸಂಸ್ಥೆಯೊಂದಕ್ಕೆ, ಸುಂದರಂ ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗಕ್ಕೆ, ಮೊದಲ ಬಾರಿ ಬಂದಿತು.

ಡೆಮಿಂಗರು ತಮ್ಮ ಸಭೆಗಳಲ್ಲಿ ಒಂದು ಆಟವನ್ನು ಆಡಿಸುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಸಾವಿರ ಮಣಿಗಳು. ಅವುಗಳಲ್ಲಿ ಎಂಟುನೂರು ಕೆಂಪು, ಉಳಿದುವು ಬಿಳಿ. ಐವತ್ತು ಗುಳಿಗಳಿರುವ ಒಂದು ಹಲಗೆಯನ್ನು ಮಣಿಗಳೊಳಕ್ಕೆ ಅದ್ದಿ ತೆಗೆದರೆ ಒಂದು ಸಲಕ್ಕೆ ಐವತ್ತು ಮಣಿ ಬರುತ್ತವೆ. ಸಭಿಕರಲ್ಲಿ ಆರು ಮಂದಿಯನ್ನು ಕೆಲಸಗಾರರೆಂದು ಕರೆದು ನಿಲ್ಲಿಸಿ, “ನಮ್ಮ ಗಿರಾಕಿಗೆ ಬೇಕಾದುದು ಬಿಳಿಯ ಮಣಿ, ಕೆಂಪು ಬಂದರೆ ಅದು ದೋಷ” ಎಂದು ಅಪ್ಪಣೆ ಮಾಡುವರು. ಒಬ್ಬನಿಗೆ ಆರು ಕೆಂಪು ಬರುತ್ತದೆ, ಅವನಿಗೆ ಶಹಭಾಸ್. ಇನ್ನೊಬ್ಬನಿಗೆ ಹದಿನಾಲ್ಕು, ಅವನಿಗೆ ಛೀಮಾರಿ. ಮರುದಿನದ ಪಾಳಿಯಲ್ಲಿ ಶಹಭಾಸ್ ಪಡೆದವನೇ ಹನ್ನೊಂದನ್ನು ತರುತ್ತಾನೆ. ಹೊಗಳಿಕೆಯಿಂದ ತಲೆ ತಿರುಗಿತೆಂದು ಅವನಿಗೆ ಬೈಗುಳ. ಕೊನೆಗೆ ಕಳಪೆಯ ಮೂವರಿಗೆ ಕೆಲಸದಿಂದ ವಜಾ. ಸಭೆ ನಕ್ಕು ನಕ್ಕು ಸುಸ್ತಾಗುತ್ತದೆ. ನಕ್ಕವರೆಲ್ಲ ತಮ್ಮ ತಮ್ಮ ಕಚೇರಿಗಳಲ್ಲಿ ಅದನ್ನೇ ಮಾಡುತ್ತಿರುವವರು. ಪೆಟ್ಟಿಗೆಯೊಳಗೆ ಐದರಲ್ಲೊಂದು ಕೆಂಪಾಗಿರುವಾಗ ಯಾವ ಪದಕ, ಯಾವ ಬೈಗುಳ, ಯಾವ ಗೋಡೆಬರಹ ತಾನೆ ಅದನ್ನು ಬಿಳಿದಾಗಿಸೀತು? ಕೆಂಪು ಮಣಿಯನ್ನು ಪೆಟ್ಟಿಗೆಗೆ ಹಾಕಿದವನು ಕೆಲಸಗಾರನಲ್ಲ.

1986ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ತಾವು ಕಂಡಂತೆ ತೊಂದರೆಗಳಲ್ಲಿ ನೂರಕ್ಕೆ ತೊಂಬತ್ತನಾಲ್ಕು ವ್ಯವಸ್ಥೆಗೆ ಸೇರಿದುವೆಂದು, ಎಂದರೆ ಮೇಲಿನವರ ಹೊಣೆಯೆಂದು ಬರೆದರು. ಭಯವನ್ನು ಹೊರಗಟ್ಟಿರಿ, ಘೋಷಣೆಗಳನ್ನು ಗೋಡೆಯಿಂದ ಇಳಿಸಿರಿ, ಸಂಖ್ಯೆಯ ಗುರಿಗಳನ್ನು ಕೈಬಿಡಿರಿ, ತನ್ನ ಕೆಲಸದಲ್ಲಿ ಹೆಮ್ಮೆಪಡುವ ಹಕ್ಕನ್ನು ಮನುಷ್ಯನಿಗೆ ಹಿಂದಿರುಗಿಸಿರಿ. ಇವು ಅವರ ಹದಿನಾಲ್ಕು ಸೂತ್ರಗಳಲ್ಲಿ ಕೆಲವು. ಶಾಲೆಯಲ್ಲಿ ಮಕ್ಕಳಿಗೆ ದರ್ಜೆ ಕಟ್ಟುವುದನ್ನೂ ಚಿನ್ನದ ನಕ್ಷತ್ರ ಅಂಟಿಸುವುದನ್ನೂ ಅವರು ಕಾರ್ಖಾನೆಯ ರೋಗಗಳ ಸಾಲಿನಲ್ಲಿಯೇ ಎಣಿಸಿದರು. ‘ಆರೋಗ್ಯವೇ ಭಾಗ್ಯ’ ಬರೆಯಿಸಿದವನಿಗೆ ಇದನ್ನು ಓದುವಾಗ ಹೇಗಾಗಿರಬೇಕೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಮನಶ್ಶಾಸ್ತ್ರಜ್ಞರು ಬೇರೊಂದು ದಾರಿಯಿಂದ ಇದೇ ಬಾಗಿಲಿಗೆ ಬಂದಿದ್ದಾರೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಒಂದು ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಹಿಗ್ಗುವ ಮಕ್ಕಳನ್ನು ಆರಿಸಿ, ಕೆಲವರಿಗೆ “ಬರೆದರೆ ರಿಬ್ಬನ್ನು ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ” ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆಯೇ ಕೊನೆಯಲ್ಲಿ ಕೊಟ್ಟರು. ಇನ್ನು ಕೆಲವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ಮೇಲೆ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ನೋಡಲಾಗಿ, ಪ್ರಶಸ್ತಿಯ ಆಸೆಗೆ ಬರೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಮುಟ್ಟಿದ್ದರು. ಆಟವಾಗಿದ್ದದ್ದು ಕೂಲಿಯಾಗಿತ್ತು, ಕೂಲಿ ನಿಂತಾಗ ಕೆಲಸವೂ ನಿಂತಿತು. ನಮ್ಮ ಬಯಲಿನಲ್ಲಿ ನಡೆದದ್ದು ಅಕ್ಷರಶಃ ಇದೇ.

ಹಾಗಾದರೆ ಬಹುಮಾನವೇ ವಿಷವೇ? ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಜಪಾನಿನ ಆಕಾಶವಾಣಿಯಲ್ಲಿ 1928ರಿಂದ ವ್ಯಾಯಾಮದ ಕಾರ್ಯಕ್ರಮವೊಂದು ಬರುತ್ತಿದೆ. ಯುದ್ಧಾನಂತರ ನಿಂತುಹೋಗಿದ್ದುದು 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಆರಂಭವಾಯಿತು. ಬೆಳಗ್ಗೆ ಆರೂವರೆಗೆ ಪಿಯಾನೊ ವಾದ್ಯ ನುಡಿಯುತ್ತದೆ. ಮೂರು ನಿಮಿಷಗಳ ಸುಲಭವಾದ ಕೈಕಾಲುಗಳ ಚಲನೆ. ಬೇಸಗೆಯ ರಜದಲ್ಲಿ ಮಕ್ಕಳು ಕೊರಳಿಗೆ ಒಂದು ಚೀಟಿ ತೂಗುಹಾಕಿಕೊಂಡು ಬೀದಿಯ ಉದ್ಯಾನಕ್ಕೆ ಹೋಗುತ್ತಾರೆ. ಹೋದ ದಿನಕ್ಕೊಂದು ಮುದ್ರೆ ಬೀಳುತ್ತದೆ. ಅದೂ ಹಾಜರಿ ಪುಸ್ತಕವೇ ಅಲ್ಲವೆ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ಇಪ್ಪತ್ತೊಂದನೆಯವರಿಲ್ಲ. ಅಜ್ಜಿಯೂ ಮೊಮ್ಮಗನೂ ಒಂದೇ ಸಾಲಿನಲ್ಲಿ ನಿಂತು ಕೈ ಬೀಸುವಾಗ ಯಾರು ಯಾರನ್ನು ಸೋಲಿಸುವುದು?

ಅದೇ ದೇಶದಲ್ಲಿ 1962ರಲ್ಲಿ ಕೌರು ಇಶಿಕಾವರ ಪ್ರೇರಣೆಯಿಂದ ಹುಟ್ಟಿದ ‘ಗುಣಮಟ್ಟ ವೃತ್ತ’ಗಳ ಮರ್ಮವೂ ಹೀಗೆಯೇ ಸರಳವಾದುದು. ಒಂದೇ ಕೆಲಸ ಮಾಡುವ ಕೆಲವೇ ಮಂದಿ ತಾವಾಗಿ ಒಂದೆಡೆ ಕುಳಿತು, ತಮ್ಮ ಕೆಲಸದಲ್ಲಿ ಎಲ್ಲಿ ಏನು ಅಡ್ಡಿಯಿದೆಯೆಂದು ತಾವೇ ಹುಡುಕುವುದು. ‘ತಾವಾಗಿ’ ಎಂಬುದನ್ನು ಇಶಿಕಾವರು ಒತ್ತಿ ಹೇಳಿದರು. 1980ರಲ್ಲಿ ಹೈದರಾಬಾದಿನ ಭೆಲ್ ಕಾರ್ಖಾನೆಯ ಮೂಲಕ ಈ ಪದ್ಧತಿ ನಮ್ಮ ದೇಶಕ್ಕೂ ಬಂದಿತು.

ಓದಿದ್ದನ್ನು ನಮ್ಮ ನಿರ್ದೇಶಕರ ಮುಂದೆ ಇಟ್ಟೆ. ಅವರು ನಕ್ಕು, “ಇಷ್ಟಕ್ಕೆ ಜಪಾನಿಗೆ ಹೋಗ್ಬೇಕಿತ್ತೆ, ಮೇಷ್ಟ್ರೇ? ಹುಡುಗರನ್ನೇ ಕೇಳೋಣ ಬನ್ನಿ” ಎಂದರು. ಒಂದು ಶನಿವಾರ ಬೇವಿನ ಮರದ ಕೆಳಗೆ, ಬಂದವರನ್ನೂ ಬಾರದವರನ್ನೂ ಕೂಡಿಸಿಕೊಂಡು ಕೇಳಿದೆವು. ಸೋಮಾರಿತನ, ಮೊಬೈಲು, ಕಾಲ ಕೆಟ್ಟುಹೋದುದು ಎಂಬ ಉತ್ತರಗಳನ್ನು ನಾನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಬಂದ ಉತ್ತರಗಳೇ ಬೇರೆ. ಹುಡುಗಿಯರಿಗೆ ಬಟ್ಟೆ ಬದಲಾಯಿಸುವ ಕೋಣೆಯೇನೋ ಇತ್ತು, ಅದರ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಹಳ್ಳಿಯ ಬಸ್ಸು ಬಂದು ಸೇರುವುದು ಎಂಟೂ ಮುಕ್ಕಾಲಿಗೆ, ನಾವು ಹಾಜರಿ ಕೂಗುತ್ತಿದ್ದುದು ಎಂಟಕ್ಕೆ. ಬೆವರಿದ ಮೇಲೆ ಮುಖ ತೊಳೆಯಲು ನೀರಿಲ್ಲ. ಹಾಗೆಯೇ ತರಗತಿಗೆ ಹೋದರೆ ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಳ್ಳುತ್ತಾರೆ. ಇರುವ ಎರಡು ಚೆಂಡುಗಳನ್ನೂ ತಂಡದವರು ಹಿಡಿದಿರುತ್ತಾರೆ, ಆಟ ಬಾರದವರು ಅಂಚಿನಲ್ಲಿ ನಿಂತು ಚೆಂಡು ಹೆಕ್ಕಿಕೊಡಬೇಕು. ಒಬ್ಬ ಹುಡುಗನಂತೂ, “ಸರ್, ನನಗೆ ಬರೀ ನಡೆಯೋಕ್ಕೆ ಇಷ್ಟ, ಅದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ಗೊತ್ತಾಗಲಿಲ್ಲ” ಎಂದ.

ಇವೆಲ್ಲ ನಾವೇ ಪೆಟ್ಟಿಗೆಗೆ ಹಾಕಿದ ಕೆಂಪು ಮಣಿಗಳು. ಚಿಲಕಕ್ಕೆ ತಗುಲಿದ್ದು ಒಂದು ಪ್ರಶಸ್ತಿಪತ್ರವನ್ನು ಚೌಕಟ್ಟಿಗೆ ಹಾಕಿಸುವುದಕ್ಕಿಂತ ಕಡಿಮೆ ಹಣ. ಹಾಜರಿ ಪುಸ್ತಕವನ್ನು ಮುಚ್ಚಿದೆವು. ಫಲಕದ ಕ್ರಮಪಟ್ಟಿಯನ್ನು ತೆಗೆದು, ಬೇಕಾದವರು ತಮ್ಮ ವೇಳೆಯನ್ನು ತಾವೇ ಬರೆದಿಟ್ಟುಕೊಳ್ಳಲೆಂದು ಒಂದೊಂದು ಪುಟ್ಟ ಪುಸ್ತಕವನ್ನು ಕೊಟ್ಟೆವು. ಹೋದ ತಿಂಗಳ ತನ್ನೊಡನೆ ಈ ತಿಂಗಳ ತಾನು ಓಡುವ ಲೆಕ್ಕ. ವೇಳೆಯನ್ನು ಸಂಜೆ ನಾಲ್ಕಕ್ಕೆ ಬದಲಾಯಿಸಿದೆವು. ನಡೆಯುವುದೂ ಲೆಕ್ಕಕ್ಕೆ ಬಂದಿತು.

ಪವಾಡವೇನೂ ನಡೆಯಲಿಲ್ಲ. ಯೋಜನೆಯ ಮೊದಲ ತಿಂಗಳಲ್ಲಿದ್ದ ಜಾತ್ರೆ ಮರಳಿ ಬರಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ಮಂದಿ ಬರುತ್ತಾರೆ, ಪರೀಕ್ಷೆಯ ಕಾಲದಲ್ಲಿ ಹತ್ತಕ್ಕಿಳಿಯುತ್ತದೆ. ಪುಸ್ತಕ ಮುಚ್ಚಿದುದರಿಂದ ವರದಿಗೆ ಬೇಕಾದ ಅಂಕಿಯೂ ಇಲ್ಲವಾಯಿತು. ಪರಿಶೀಲನೆಗೆ ಬಂದ ಸಮಿತಿಯ ಹಿರಿಯರೊಬ್ಬರು ಆ ಅಂಕಣದ ಮೇಲೆ ಬೆರಳಿಟ್ಟು, ಹಿಂದಿನ ವರ್ಷಕ್ಕಿಂತ ಇಷ್ಟು ಇಳಿದಿರುವುದೇಕೆಂದು ಕೇಳಿದರು. ಚಿಲಕದ ಕಥೆಯನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇದನ್ನು ಎಲ್ಲಿ ಬರೆಯಲಿ?” ಎಂದರು. ಹಾಳೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಪ್ರಾಂಶುಪಾಲರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಇಪ್ಪತ್ತೊಂದನೆಯವಳು ಮರಳಿ ಬಂದದ್ದು ಮಳೆಗಾಲ ಕಳೆದ ಮೇಲೆ, ಇಬ್ಬರು ಗೆಳತಿಯರನ್ನು ಕರೆದುಕೊಂಡು. ಈಗ ಅವಳು ಅಂತಿಮ ವರ್ಷದಲ್ಲಿದ್ದಾಳೆ. ಆಟದ ಕೋಣೆಯ ಬೀಗದ ಕೈ ಅವಳ ವಶದಲ್ಲಿರುತ್ತದೆ. ಮೊನ್ನೆ ಅದನ್ನು ಹಿಂದಕ್ಕೆ ಕೊಡಲು ಬಂದಾಗ, “ನೀವೂ ಒಂದು ಸುತ್ತು ಬನ್ನಿ ಸರ್” ಎಂದಳು. ಪಂಚೆಯಲ್ಲಿ ಇರಲಿಲ್ಲವಾದ್ದರಿಂದ ನೆಪ ಹೇಳಲು ಆಗಲಿಲ್ಲ. ಹೊಟ್ಟೆನೋವೆನ್ನಲು ವಯಸ್ಸು ಒಪ್ಪಲಿಲ್ಲ. ಹೋದೆ, ಎಲ್ಲರಿಗಿಂತ ಹಿಂದೆ ಬಂದೆ. ಅಷ್ಟು ಹೊತ್ತಿಗೆ ಅವರೆಲ್ಲ ನೀರು ಕುಡಿದು ಚೆಂಡಿನ ಸುತ್ತ ನಿಂತಿದ್ದರು. ಚೆಂಡಿಗೆ ಗಾಳಿ ತುಂಬುವ ಪಂಪು ಕೆಟ್ಟಿದೆ, ಹೊಸದಕ್ಕೆ ಅರ್ಜಿ ಕೊಟ್ಟು ಎರಡು ತಿಂಗಳಾಯಿತು, ಏನಾಯಿತೆಂದು ಕಚೇರಿಯಲ್ಲಿ ವಿಚಾರಿಸಿ ಹೇಳಬೇಕಂತೆ.