ಸೀಟು ಕಿತ್ತು ರೇಡಾರ್ ಹೊತ್ತ ವಿಮಾನ

1939ರಲ್ಲಿ ಯುದ್ಧ ಹತ್ತಿರವಾದಾಗ ಬ್ರಿಟನ್ ‘ರಾವಲ್ಪಿಂಡಿ’ ಎಂಬ ಪ್ರಯಾಣಿಕ ಹಡಗಿಗೆ ಆರಿಂಚಿನ ಎಂಟು ಫಿರಂಗಿ ಕೂರಿಸಿ ನೌಕಾಪಡೆಗೆ ಸೇರಿಸಿಕೊಂಡಿತು. ನವೆಂಬರ್ 23ರಂದು ಎರಡು ಜರ್ಮನ್ ಯುದ್ಧನೌಕೆಗಳ ಕೈಗೆ ಸಿಕ್ಕು ಅದು ಮುಳುಗಿತು. 238 ಮಂದಿ ಸತ್ತರು. ಫಿರಂಗಿ ಬಂದಿತ್ತು, ಹಡಗಿನ ಒಡಲು ಮಾತ್ರ ಹಳೆಯದೇ.

ಜನರನ್ನು ಸಾಗಿಸಲು ಕಟ್ಟಿದ ಯಂತ್ರವನ್ನು ಯುದ್ಧಕ್ಕೆ ಒಗ್ಗಿಸುವ ಕೆಲಸ ನಮ್ಮ ಮಾರತ್ತಹಳ್ಳಿ ಪಕ್ಕದ ಯಮಲೂರಿನಲ್ಲಿ ನಡೆದಿದೆ, ವಿಮಾನದ ಮೇಲೆ. ಅಲ್ಲಿರುವುದು ವಿಮಾನಕ್ಕೆ ರೇಡಾರ್ ಹೊರಿಸುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ‘ಕ್ಯಾಬ್ಸ್’ ಪ್ರಯೋಗಾಲಯ. ವೈಟ್‌ಫೀಲ್ಡಿಗೆ ದಿನವೂ ಹೋಗಿಬರುವ ಎಷ್ಟೋ ಜನಕ್ಕೆ ಅದರ ಹೆಸರೂ ಗೊತ್ತಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ರೇಡಾರನ್ನು ಆಕಾಶಕ್ಕೆ ಏಕೆ ಒಯ್ಯಬೇಕು? ಭೂಮಿ ದುಂಡಗಿದೆ. ನೆಲದಿಂದ 20 ಮೀಟರ್ ಎತ್ತರದ ರೇಡಾರ್‌ಗೆ, 100 ಮೀಟರ್ ಎತ್ತರದಲ್ಲಿ ನುಗ್ಗಿಬರುವ ವಿಮಾನ ಸುಮಾರು 60 ಕಿ.ಮೀ. ಆಚೆಗಿದ್ದರೆ ದಿಗಂತದ ಕೆಳಗೇ ಅಡಗಿರುತ್ತದೆ. ರೇಡಾರ್ 9 ಕಿ.ಮೀ. ಮೇಲೇರಿದರೆ ಆ ದಿಗಂತ 400 ಕಿ.ಮೀ. ದಾಟುತ್ತದೆ.

ಕ್ಯಾಬ್ಸ್‌ನ ಮೊದಲ ಪ್ರಯತ್ನ ಆವ್ರೊ ವಿಮಾನದ ಬೆನ್ನಿಗೆ ದೊಡ್ಡ ತಟ್ಟೆಯಾಕಾರದ ಡೋಮ್ ಕೂರಿಸಿದ್ದು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಪರೀಕ್ಷಾ ಹಾರಾಟದಲ್ಲಿ ಅದು ಬಿದ್ದು, ನಾಲ್ವರು ವಿಜ್ಞಾನಿಗಳೂ ಸೇರಿ ಎಂಟು ಮಂದಿ ತೀರಿಕೊಂಡರು. ಯೋಜನೆ ಅಲ್ಲಿಗೇ ನಿಂತಿತು. ಮುಂದೆ ಬಂದ ‘ನೇತ್ರ’ ರೇಡಾರ್ ವಿಮಾನದ ಬಗ್ಗೆ ಬರೆಯುವವರು ಆ ಎಂಟು ಮಂದಿಯನ್ನು ನೆನೆಯದೆ ಮುಂದೆ ಹೋಗಬಾರದು.

ನೇತ್ರಕ್ಕೆ ಆರಿಸಿದ್ದು ಬ್ರೆಜಿಲ್‌ನ ಎಂಬ್ರೇಯರ್ 145, ಐವತ್ತು ಸೀಟಿನ ಜೆಟ್. 2008ರಲ್ಲಿ ಮೂರು ವಿಮಾನಗಳಿಗೆ ಒಪ್ಪಂದವಾಯಿತು. ಮೊದಲನೆಯದು 2012ರಲ್ಲಿ ಬೆಂಗಳೂರಿಗೆ ಬಂತು. ಈ ಸಲ ತಿರುಗುವ ಡೋಮ್ ಇಲ್ಲ. ಬೆನ್ನ ಮೇಲೆ ಉದ್ದಕ್ಕೆ ಮಲಗಿಸಿದ ತೊಲೆಯಂತಹ ಆಂಟೆನಾ, ಅದರ ಎರಡೂ ಮಗ್ಗುಲಲ್ಲಿ ರೇಡಾರ್. ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇ ಪ್ರಯೋಗಾಲಯ ರೂಪಿಸಿದ ಈ ರೇಡಾರ್, ಆಂಟೆನಾ ಅಲುಗದಂತೆ ವಿದ್ಯುತ್ ಸಂಕೇತಗಳಿಂದಲೇ ಕಿರಣವನ್ನು ಹೊರಳಿಸುತ್ತದೆ. ಪ್ರತಿ ಬದಿಗೆ 120 ಡಿಗ್ರಿ, ಒಟ್ಟು 240. ಮೂಗಿನ ಮುಂದೆ, ಬಾಲದ ಹಿಂದೆ ಅದಕ್ಕೆ ಕಾಣದು. ಹಾಗಾಗಿ ನೋಡಬೇಕಾದ ದಿಕ್ಕಿಗೆ ಮಗ್ಗುಲು ಕೊಟ್ಟು ಹಾರಬೇಕು.

ನಿಜವಾದ ಕಷ್ಟ ಇದ್ದದ್ದು ಹೊಟ್ಟೆಯೊಳಗೆ. ಪ್ರಯಾಣಿಕ ವಿಮಾನದಲ್ಲಿರುವ ಕರೆಂಟು ದೀಪ, ಫ್ಯಾನುಗಳಂಥವಕ್ಕೆ ಸಾಕು. ರೇಡಾರ್‌ಗೆ ಎಲ್ಲಿ ಸಾಲುತ್ತದೆ? ಉಪಕರಣ ಹೆಚ್ಚಿದಷ್ಟೂ ಬಿಸಿಯೂ ಹೆಚ್ಚು. ಅದಕ್ಕೇ ವಿದ್ಯುತ್ತನ್ನೂ ತಂಪುವ್ಯವಸ್ಥೆಯನ್ನೂ ಹೆಚ್ಚಿಸಿ, ತೊಲೆಯ ಭಾರ ಹೊರಲು ಒಡಲನ್ನು ಬಲಪಡಿಸಬೇಕಾಯಿತು. ಮೂಗಿನ ಬಳಿ ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ ಬಂತು. ಸೀಟುಗಳಿದ್ದ ಕಡೆ ಐವರು ಆಪರೇಟರ್‌ಗಳ ಪರದೆಗಳು.

2017ರ ಫೆಬ್ರವರಿ 14ರಂದು ಯಲಹಂಕದ ಏರೋ ಇಂಡಿಯಾದಲ್ಲಿ ನೇತ್ರವನ್ನು ವಾಯುಪಡೆಗೆ ಒಪ್ಪಿಸಲಾಯಿತು. 2019ರ ಬಾಲಾಕೋಟ್ ದಾಳಿಯ ವೇಳೆ ನೇತ್ರ ಕಾವಲಿಗಿತ್ತು. ಮುಂದಿನ ಸರದಿ ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು ತಿರುಗಿದ ಆರು ಏರ್‌ಬಸ್ 321ಗಳದು. ಅವುಗಳನ್ನು ಹೀಗೆ ಬದಲಿಸಲು 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಬೆನ್ನಿನ ಜತೆಗೆ ಮೂಗಿನಲ್ಲೂ ಆಂಟೆನಾ ಕೂರಿಸಿ, ನೇತ್ರಕ್ಕೆ ಕಾಣದೇ ಉಳಿದ ಮುಂಭಾಗವನ್ನೂ ನೋಡುವುದು ಯೋಜನೆ.