ಹೆಸರಿಗಿಂತ ಮೊದಲು ಕೆಲಸ

ಬಿ.ಫಾರ್ಮ್ ಮತ್ತು ಬಿಎಸ್ಸಿ ನರ್ಸಿಂಗ್ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲೇ, ಎಂಬಿಬಿಎಸ್‌ನವರಿಗೆ ಮೊದಲ ವರ್ಷ, ಅಂಗರಚನೆ ಮತ್ತು ಅಂಗಕ್ರಿಯೆ ಎದುರಾಗುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಬಾಗಲಕೋಟೆಗೋ ವಿಜಯಪುರಕ್ಕೋ ಬೆಳಗಾವಿಗೋ ಹೋಗಿ ಇದನ್ನು ಓದುತ್ತಾರೆ. ಓದುವುದೆಂದರೆ ಬಹುಮಟ್ಟಿಗೆ ಬಾಯಿಪಾಠ: 206 ಎಲುಬು, 12 ಜೊತೆ ಕಪಾಲ ನರ, ನೂರಾರು ಸ್ನಾಯು, ಎಲ್ಲವೂ ಲ್ಯಾಟಿನ್ ಬೆರೆತ ಇಂಗ್ಲಿಷಿನಲ್ಲಿ. ಅಂಗ ಮಾಡುವ ಕೆಲಸ ತಿಳಿಯುವ ಮೊದಲೇ ಅದರ ಹೆಸರನ್ನು ತಲೆಗೆ ತುಂಬುವ ಈ ಕ್ರಮ ಬುಡಮೇಲಾಗಿದೆ ಎಂಬುದು ನನ್ನ ವಾದ. ಅದನ್ನು ನೆಟ್ಟಗೆ ಮಾಡಲು ಬೇಕಾದ ಪಾಠದ ಮನೆ ಈ ನಾಲ್ಕು ಊರುಗಳ ಸುತ್ತಲೇ ಇದೆ.

ವಿಜ್ಞಾನದ ಇತಿಹಾಸ ಈ ವಾದದ ಪರವಾಗಿ ನಿಲ್ಲುತ್ತದೆ. ಇಟಲಿಯ ಪಡುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಫ್ಯಾಬ್ರಿಶಿಯಸ್ ಅಭಿಧಮನಿಗಳೊಳಗಿನ ಕವಾಟಗಳನ್ನು ಚೆನ್ನಾಗಿ ನೋಡಿದ್ದ, 1603ರಲ್ಲಿ ಅವುಗಳ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಆದರೆ ರಕ್ತ ಕೈಕಾಲಿಗೆ ಒಮ್ಮೆಲೇ ನುಗ್ಗದಂತೆ ತಡೆಯುವುದೇ ಅವುಗಳ ಕೆಲಸ ಎಂದುಕೊಂಡ. ಅವನ ಶಿಷ್ಯ ವಿಲಿಯಂ ಹಾರ್ವೆ ಬದುಕಿರುವವರ ತೋಳಿಗೆ ಪಟ್ಟಿ ಬಿಗಿದ. ಉಬ್ಬಿದ ರಕ್ತನಾಳವನ್ನು ಬೆರಳಿನಿಂದ ಒತ್ತಿ ಖಾಲಿ ಮಾಡಿದಾಗ ಮೇಲಿನಿಂದ ರಕ್ತ ಹಿಂದಕ್ಕೆ ಬರಲಿಲ್ಲ. ಕವಾಟ ಇರುವುದು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡಲು ಎಂದು 1628ರಲ್ಲಿ ಬರೆದ. ಗುರು ಕಂಡದ್ದನ್ನೇ ಶಿಷ್ಯನೂ ಕಂಡಿದ್ದ; ಕೇಳಿದ ಪ್ರಶ್ನೆ ಮಾತ್ರ ಬೇರೆ. ಶವಛೇದನದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ದೇಹದಾನ ಮಾಡಿದ್ದ ತಮ್ಮ ತಂದೆಯ ಶರೀರವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿದರು. ಈ ಭಾಗದಲ್ಲಿ ದೇಹದಾನಕ್ಕೆ ಅದಕ್ಕಿಂತ ದೊಡ್ಡ ಮಾತು ಬೇಕಿಲ್ಲ. ಆದರೂ ಶವ ತೋರಿಸುವುದು ರಚನೆಯನ್ನು. ಅದರ ನಾಡಿ ಏರುವುದಿಲ್ಲ, ಅದು ಬೆವರುವುದಿಲ್ಲ.

ಹಾಗಾದರೆ ಕೆಲಸವನ್ನು ನೋಡುವುದೆಲ್ಲಿ? ರಬಕವಿ-ಬನಹಟ್ಟಿಯ ಪಾವರ್‌ಲೂಮ್ ಶೆಡ್ಡಿನಲ್ಲಿ ನೋಡಬಹುದು. ಲಾಳಿಯ ಮಗ್ಗವಾದರೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಏಟು ಬೀಳುತ್ತದೆ. ಆ ಸದ್ದು ಹಾದುಹೋಗುವ ನಡುಗಿವಿಯಲ್ಲಿ ಸ್ಟೇಪಿಸ್ ಎಂಬ ಎಲುಬಿದೆ, ಉದ್ದ ಸುಮಾರು 3 ಮಿಲಿಮೀಟರ್. ಅದನ್ನು ಎಳೆಯುವ ಸ್ಟೆಪೀಡಿಯಸ್ ದೇಹದ ಅತಿ ಚಿಕ್ಕ ಅಸ್ಥಿಸ್ನಾಯು. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ದೊಡ್ಡ ಸದ್ದಾದಾಗ ಈ ಸ್ನಾಯು ಬಿಗಿದು ಒಳಗಿವಿಗೆ ಹೋಗುವ ಕಂಪನವನ್ನು ತಗ್ಗಿಸುತ್ತದೆ, ಏಟು ದಿಢೀರನೆ ಬಿದ್ದರೆ ಸಮಯಕ್ಕೆ ಬಿಗಿಯಲಾರದು, ಸದ್ದು ನಿಲ್ಲದಿದ್ದರೆ ದಣಿಯುತ್ತದೆ. ಆಮೇಲೆ ಪೆಟ್ಟು ಬೀಳುವುದು ಒಳಗಿವಿಯ ಸುಮಾರು 15,000 ರೋಮಕೋಶಗಳಿಗೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಂಟು ತಾಸಿನ ಪಾಳಿಗೆ 90 ಡೆಸಿಬೆಲ್ ಎಂಬ ಕಾರ್ಖಾನೆ ನಿಯಮದ ಮಿತಿ ಯಾಕಿದೆ ಎಂದು ಅಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಊರಲ್ಲಿ ಕುಣಿಮಗ್ಗದ ನೇಕಾರರು ಕಾಲಲ್ಲಿ ತುಳಿಯುತ್ತ ಕೂತಿರುತ್ತಾರೆ. ಪ್ರತಿ ತುಳಿತಕ್ಕೂ ಮೀನಖಂಡ ಬಿಗಿದು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಫ್ಯಾಬ್ರಿಶಿಯಸ್ ಕಂಡ ಕವಾಟ ಅದನ್ನು ಇಳಿಯಗೊಡುವುದಿಲ್ಲ. ಅಲುಗಾಡದೆ ಬಹಳ ಹೊತ್ತು ನಿಂತವರ ಕಾಲಲ್ಲಿ ಈ ಪಂಪು ನಡೆಯದೆ ರಕ್ತ ಕೆಳಗೇ ನಿಲ್ಲುತ್ತದೆ.

ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳಲ್ಲಿ ಇನ್ನೊಂದು ಅಧ್ಯಾಯ ಸಿಗುತ್ತದೆ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ತಲೆಯ ಮೇಲೆ ಕಬ್ಬಿನ ಹೊರೆ ಇಟ್ಟು ಹಲಗೆ ಏರಿ ಟ್ರ್ಯಾಕ್ಟರ್ ಟ್ರೇಲರ್‌ಗೆ ತುಂಬುವವರಲ್ಲಿ ಅದು ಎರಡು ಮೂರು ಪಟ್ಟಾಗುತ್ತದೆ. ಅವರ ಬೆವರು ಹೆಚ್ಚಿದಂತೆ ಮೂತ್ರಪಿಂಡ ನೀರನ್ನು ಹಿಡಿದಿಡುತ್ತದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾಗಳಲ್ಲಿ ಸಕ್ಕರೆಕಾಯಿಲೆ ಇಲ್ಲದ ಪ್ರಾಯದ ಕಬ್ಬು ಕಡಿಯುವವರ ಮೂತ್ರಪಿಂಡಗಳು ಕೈಕೊಟ್ಟಿವೆ. ಬಿಸಿಲ ದುಡಿಮೆ ಮತ್ತು ನೀರಿನ ಕೊರತೆಯ ಮೇಲೆಯೇ ಸಂಶೋಧಕರ ಹೆಚ್ಚಿನ ಅನುಮಾನ. ನಮ್ಮಲ್ಲಿ ಕಟಾವು ಬಹುಪಾಲು ಚಳಿಗಾಲದ್ದು, ಹೋಲಿಕೆ ನೇರವಲ್ಲ. ಆದರೆ ಪ್ರಶ್ನೆ ಹುಟ್ಟಲು ಅಷ್ಟು ಸಾಕು.

ಹೆಸರೇ ಬಾರದ ನರ್ಸ್ ತುರ್ತು ವಾರ್ಡಿನಲ್ಲಿ ಏನು ಮಾಡಿಯಾಳು ಎಂದು ಕೇಳುವವರಿದ್ದಾರೆ. ನಿಜ, ಹೆಸರು ಬೇಕೇ ಬೇಕು. ಕೆಲಸ ತಿಳಿದ ಮೇಲೆ ಕಲಿತ ಹೆಸರು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ. ಸಿಲೆಬಸ್ ಮುಗಿಸಲೇ ಹೊತ್ತಿಲ್ಲ ಎಂಬ ದೂರು ಇನ್ನೂ ಗಟ್ಟಿ. ಆದರೆ 2019ರ ಎಂಬಿಬಿಎಸ್ ಪಠ್ಯಕ್ರಮವೇ ಮೊದಲ ವರ್ಷದಿಂದ ರೋಗಿಗಳ ಸಂಪರ್ಕಕ್ಕೆ ತಾಸುಗಳನ್ನು ಎತ್ತಿಟ್ಟಿದೆ. ನರ್ಸಿಂಗ್, ಫಾರ್ಮಸಿ ಕಾಲೇಜುಗಳಿಗೆ ಇಂಥ ಭೇಟಿಗೆಂದು ಒಂದು ಮಧ್ಯಾಹ್ನ ಹೊರೆಯಲ್ಲ. ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆ: ದುಡಿಯುವವರನ್ನು ನೋಟದ ವಸ್ತು ಮಾಡುವುದು. ಇದಕ್ಕೆ ಸುಲಭದ ಉತ್ತರವಿಲ್ಲ. ಅಳತೆಯನ್ನು ವಿದ್ಯಾರ್ಥಿಗಳು ತಮ್ಮ ಮೈಮೇಲೇ ಮಾಡಿಕೊಳ್ಳಲಿ. ಮೆಟ್ಟಿಲು ಹತ್ತಿ ನಾಡಿ ಎಣಿಸಲಿ, ತಮ್ಮ ತೋಳಿನಲ್ಲೇ ಹಾರ್ವೆಯ ಪ್ರಯೋಗ ಮಾಡಲಿ. ಶೆಡ್ಡಿಗೆ ಹೋಗುವುದಾದರೆ ನೇಕಾರರನ್ನು ಕೇಳಿಕೊಂಡೇ ಹೋಗಲಿ, ಹೋಗುವಾಗ ಅಲ್ಲಿ ದುಡಿಯುವ ಎಲ್ಲರಿಗೂ ಇಯರ್‌ಪ್ಲಗ್ ಒಯ್ಯಲಿ.